ಆಯುಧಪೂಜೆಗೆ ತಡೆದು ನಿಲ್ಲಿಸಿದ ಕೆಲಸ

ನಾನು ಎಸ್ಸೆಸ್ಸೆಲ್ಸಿ ಎರಡು ಸಲ ಬರೆದೆ. ಎರಡು ಸಲವೂ ಇಂಗ್ಲಿಷಿನಲ್ಲೇ ಹೋಯಿತು. ಮೂರನೇ ಸಲ ಬರೆಯಲಿಲ್ಲ. ಮದ್ದೂರಿನ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಗೆ ಸೇರಿದೆ. ಸೇರಿ ಆರು ವರ್ಷವಾಯಿತು. ಈಗ ದಿನವಿಡೀ ಇಂಗ್ಲಿಷಿನಲ್ಲೇ ಟೈಪು ಮಾಡುತ್ತೇನೆ. ಕಪ್ಪು ಪರದೆಯ ಇಂಗ್ಲಿಷಿಗೆ ವ್ಯಾಕರಣ ಬೇಡ. ಒಂದಕ್ಷರ ತಪ್ಪಿದರೆ ಇಂಥ ಕಮಾಂಡು ಇಲ್ಲ ಎನ್ನುತ್ತದೆ. ಬೆಂಚಿನ ಮೇಲೆ ನಿಲ್ಲಿಸುವುದಿಲ್ಲ.

ಅಂಗಡಿಯಲ್ಲಿ ನಾಲ್ಕು ಮಿಷನ್ನು. ಮೂರು ಎಲ್ಲರಿಗೂ ಗೊತ್ತಿರುವಂಥವು. ನಾಲ್ಕನೆಯದು ಮೂಲೆಯಲ್ಲಿರುವ ಹಳೇ ಡಬ್ಬ. ಅದರಲ್ಲಿ ಲಿನಕ್ಸ್. ಕೆಟ್ಟ ಹಾರ್ಡ್ ಡಿಸ್ಕಿನಿಂದ ಫೈಲು ಎತ್ತುವ ಕೆಲಸವೆಲ್ಲ ಅದರದ್ದೇ. ಯಜಮಾನರಿಗೆ, ಅಂದರೆ ನಾನು ಅಣ್ಣ ಎನ್ನುವವರಿಗೆ, ಬೆಸುಗೆ ಹಾಕುವುದು, ಬಿಚ್ಚುವುದು, ಜೋಡಿಸುವುದು ಬರುತ್ತದೆ. ಕಪ್ಪು ಪರದೆ ಬರುವುದಿಲ್ಲ. ಅದು ನನ್ನದು. ನನಗಿಂತ ಮೊದಲು ಕೆಲಸಕ್ಕಿದ್ದವನು ಮಂಡ್ಯದಲ್ಲಿ ಸ್ವಂತ ಅಂಗಡಿ ಹಾಕಲು ಹೋಗುವಾಗ, ಮಾನಿಟರ್ ಬಂದಿದ್ದ ರಟ್ಟಿನ ಮೇಲೆ ಹದಿನಾಲ್ಕು ಕಮಾಂಡುಗಳನ್ನು ಕನ್ನಡದಲ್ಲೇ ಬರೆದು ಗೋಡೆಗೆ ಹೊಡೆದು ಹೋಗಿದ್ದ. ನನ್ನ ಓದು ಅದೇ ರಟ್ಟು.

ಕಪ್ಪು ಪರದೆಗೆ ಒಂದು ಕೆಲಸ ಹೇಳಿದರೆ ಅದು ಮುಗಿಯುವವರೆಗೂ ಇನ್ನೊಂದು ಮಾತು ಕೇಳುವುದಿಲ್ಲ. ಕೆಲಸದ ಕೊನೆಯಲ್ಲಿ & ಗುರುತು ಹಾಕಿದರೆ ಅದು ಹಿಂದಕ್ಕೆ ಹೋಗುತ್ತದೆ. ಒಂದು ನಂಬರು ತೋರಿಸಿ, ಪರದೆ ಮತ್ತೆ ನಿಮ್ಮ ಕೈಗೆ ಬರುತ್ತದೆ. ಗದ್ದೆಯಲ್ಲಿ ಮೋಟರ್ ಹಾಕಿ ಮನೆಗೆ ಬಂದು ಉಣ್ಣುವ ಹಾಗೆ. ನೀರು ಹಾಯುತ್ತಿರುತ್ತದೆ, ನೀವು ಬದುವಿನ ಮೇಲೆ ನಿಂತಿರಬೇಕಾಗಿಲ್ಲ. ಹಿಂದೆ ಏನೇನು ನಡೆಯುತ್ತಿದೆ ಎಂದು ಕೇಳಲು ಜಾಬ್ಸ್. ಮುಂದಕ್ಕೆ ಕರೆಯಲು ಎಫ್‌ಜಿ. ನಡೆಯುತ್ತಿರುವುದನ್ನು ತಡೆಯಲು ಕಂಟ್ರೋಲ್ ಒತ್ತಿಕೊಂಡು ಝಡ್. ತಡೆದದ್ದನ್ನು ಹಿಂದೆಯೇ ನಡೆಸಲು ಬಿಜಿ. ಪೂರ್ತಿ ಮುಗಿಸಲು ಕಿಲ್ ಮತ್ತು ಆ ನಂಬರು. ಇಷ್ಟೇ. ಇದಕ್ಕೆ ದೊಡ್ಡ ಊರುಗಳಲ್ಲಿ ಕೋರ್ಸು ಮಾಡುತ್ತಾರಂತೆ.

ಆಯುಧಪೂಜೆಗೆ ಐದು ದಿನ ಇರುವಾಗ ಡ್ರಾಮಾ ಮೇಷ್ಟ್ರು ಬಂದರು. ನಮ್ಮ ಕಡೆ ಪ್ರತಿ ಊರಲ್ಲೂ ಪೌರಾಣಿಕ ನಾಟಕ ಆಡುತ್ತಾರೆ. ಆಡುವವರು ಕಬ್ಬು ಬೆಳೆಯುವವರು, ಬಸ್ಸಿನ ಕಂಡಕ್ಟರು, ಡೈರಿಯ ಸೆಕ್ರೆಟರಿ. ಮೇಷ್ಟ್ರು ಮೂರು ತಿಂಗಳು ಹಾರ್ಮೋನಿಯಂ ಹಿಡಿದು ಹಾಡು, ಮಾತು ಎಲ್ಲ ಕಲಿಸುತ್ತಾರೆ. ನಾಟಕದ ದಿನ ಸ್ಟೇಜಿನ ಪಕ್ಕ ಕೂತು ನುಡಿಸುತ್ತಾರೆ. ಇವರಿಗೆ ಎಪ್ಪತ್ತು ದಾಟಿತ್ತು. ಚಿಕ್ಕರಸಿನಕೆರೆ ಕಡೆಯವರು. ಟವಲಿನಲ್ಲಿ ಸುತ್ತಿದ್ದ ಅಂಗೈಯಗಲದ ಹಾರ್ಡ್ ಡಿಸ್ಕನ್ನು ಬಿಚ್ಚಿ ಟೇಬಲ್ಲಿನ ಮೇಲಿಟ್ಟರು.

"ಇದು ಮಾತಾಡ್ತಾ ಇಲ್ಲ ಕಣಪ್ಪ."

"ಬಿತ್ತಾ?" ಅಂದೆ.

"ಬೀಳ್ಲಿಲ್ಲ. ಬೆಕ್ಕು ಬೀಳ್ಸ್ತು."

"ಎಲ್ಲಿಂದ?"

"ಬೀರು ಮ್ಯಾಲಿಂದ."

"ಅಂಗಾರೆ ಬಿತ್ತು ಅನ್ನಿ."

"ಅದು ತಾನಾಗೇ ಬಿದ್ದಿದ್ರೆ ಬಿತ್ತು ಅಂತಿದ್ದೆ."

ಅಣ್ಣ ಅದರ ಕವಚ ಬಿಚ್ಚಿ, ಒಳಗಿನ ಡಿಸ್ಕನ್ನು ನೇರವಾಗಿ ಮೂಲೆಯ ಮಿಷನ್ನಿಗೆ ಸಿಕ್ಕಿಸಿದರು. ಮೊದಲ ಎರಡು ಸಲ ಎದ್ದೇಳಲಿಲ್ಲ. ಮೂರನೇ ಸಲ ತಿರುಗಿತು. ಟಿಕ್, ಟಿಕ್ ಎಂದು ಹಲ್ಲಿ ಲೊಚಗುಟ್ಟುವ ಹಾಗೆ ಸದ್ದು ಬರತೊಡಗಿತು. ಅಣ್ಣ ಕಿವಿಯಿಟ್ಟು ಕೇಳಿದರು.

"ನೋಡಿ ಮೇಷ್ಟ್ರೇ, ಇದು ತಿರುಗ್ತಾ ಇರೋಗಂಟ ತಿರುಗ್ತದೆ. ಒಂದ್ಸಲ ಕರೆಂಟ್ ತೆಗುದ್ರೆ ಮತ್ತೆ ಎದ್ದೇಳೋದು ಡೌಟು. ಒಳ್ಗೆ ಏನೈತೆ?"

"ಮೊಮ್ಮಕ್ಳ ಫೋಟೋ" ಅಂದರು ಮೇಷ್ಟ್ರು.

ಅಣ್ಣ ಮಳವಳ್ಳಿಗೆ ಪ್ರಿಂಟರ್ ರಿಪೇರಿಗೆಂದು ಬೈಕು ಹತ್ತಿ ಹೋದರು. ಮೇಷ್ಟ್ರು ಬಾಗಿಲ ಕಡೆ ನೋಡಿ, ಸ್ಟೂಲು ಹತ್ತಿರ ಎಳೆದುಕೊಂಡರು.

"ಫೋಟೋನೂ ಇಲ್ಲ, ಮಣ್ಣೂ ಇಲ್ಲ. ನಾಟ್ಕದ್ ಆಡು ಅವೆ. ನಾನೇ ಕಟ್ಟಿರೋ ಮಟ್ಟು. ಗ್ಯಾನ ಚೆನ್ನಾಗಿದ್ದಾಗ ಮೊಮ್ಮಗ ಕುಂಡ್ರಿಸ್ಕೊಂಡು ರೆಕಾರ್ಡ್ ಮಾಡಿದ್ದ."

"ಈಗ?"

"ಈಗ ಒಂದಾಡಿನ ಮಟ್ಟು ಮರ್ತೋಗೈತೆ."

ವಿಷಯ ಇಷ್ಟು. ವಿಜಯದಶಮಿಯ ಸಂಜೆ ಅವರೂರಲ್ಲಿ ನಾಟಕ. ಗದೆ ಹಿಡಿಯುವ ದೊಡ್ಡ ಪಾತ್ರದವನು ಸ್ಟೇಜಿಗೆ ಬರುವಾಗ ಹಾಡುವ ಹಾಡು ಅದು. ಸಾಹಿತ್ಯ ನೋಟ್ ಪುಸ್ತಕದಲ್ಲಿತ್ತು. ಮಟ್ಟು ಮೇಷ್ಟ್ರ ತಲೆಯಲ್ಲಿ ಮಾತ್ರ ಇತ್ತು, ಈಗ ಅಲ್ಲಿಯೂ ಇರಲಿಲ್ಲ. ಪಾತ್ರಧಾರಿ ಗ್ರಾಮ ಪಂಚಾಯ್ತಿ ಸದಸ್ಯ. ಮೂರು ತಿಂಗಳಿಂದ ಮೀಸೆ ಬಿಟ್ಟಿದ್ದಾನೆ. ದಿನವೂ ಕೇಳುತ್ತಾನೆ, ನನ್ನ ಎಂಟ್ರಿ ಹಾಡು ಯಾವಾಗ ಎಂದು.

"ನೀವೇನಂತೀರಿ?"

"ನಿನ್ ಗಂಟ್ಲು ಇನ್ನೂ ಅದವಾಗಿಲ್ಲ ಅಂತ ತಳ್ತಾ ಇದೀನಿ. ಅವ್ನು ದಿನಾ ಬಿಸ್ನೀರು ಕುಡೀತಾವ್ನೆ, ಪಾಪ."

"ಬ್ಯಾರೆ ಮಟ್ಟು ಆಕಿ."

"ಲೇ, ಇಪ್ಪತ್ತು ಊರಲ್ಲಿ ಆಡ್ಸಿದೀನಿ ಆ ಆಡ. ಜನ ಅದುನ್ನೇ ಕಾಯ್ಕಂಡ್ ಕುಂತಿರ್ತಾರೆ. ಬ್ಯಾರೆ ಆಕುದ್ರೆ, ಮುದುಕುಂಗೆ ಗ್ಯಾನ ಓಯ್ತು ಅಂತಾರೆ. ಆಮ್ಯಾಕೆ ಯಾವ ಅಳ್ಳೀನೋರು ನನ್ನ ಕರೀತಾರ್ಲಾ? ನಲವತ್ ವರ್ಸದಿಂದ ನಾನ್ ಮಾಡಿರೋದು ಇದೊಂದೇಯ." ಟವಲು ಮಡಿಸಿ ಹೆಗಲಿಗೆ ಹಾಕಿಕೊಂಡರು. "ನಿಮ್ ಯಜಮಾನುಂಗೆ ಏಳ್ಬೇಡ. ಅವ್ನು ಮಳವಳ್ಳಿ ಕಡೆಗೆಲ್ಲ ಓಡಾಡ್ತಾನೆ. ಅಲ್ಲಿ ಇನ್ನೊಬ್ಬ ಮೇಷ್ಟ್ರವ್ನೆ. ಕೇಳುದ್ರೆ ಉಣ್ಣೋದ್ ಬುಟ್ಟು ನಗ್ತಾನೆ."

ಹೇಳುವುದಿಲ್ಲ ಎಂದೆ. ಕೆಲಸ ಶುರು ಮಾಡಿದೆ. ಕೆಟ್ಟ ಡಿಸ್ಕಿನಲ್ಲಿರುವುದನ್ನು ಇಂಚಿಂಚಾಗಿ ಓದಿ ಒಳ್ಳೆಯ ಡಿಸ್ಕಿಗೆ ಇಳಿಸುವ ಕಮಾಂಡು ಅದು. ಚೆನ್ನಾಗಿರುವ ಜಾಗ ಬೇಗ ಓದುತ್ತದೆ, ಪೆಟ್ಟು ಬಿದ್ದ ಜಾಗದಲ್ಲಿ ಒದ್ದಾಡುತ್ತದೆ. ಎಲ್ಲಿಯವರೆಗೆ ಬಂದೆ ಎಂದು ತಾನೇ ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಕೊನೆಗೆ & ಹಾಕಿದೆ. ನಂಬರು ಬಂತು. ಹಿಂದೆ ಟಿಕ್ ಟಿಕ್ ನಡೆಯುತ್ತಿತ್ತು, ನಾನು ಮುಂದೆ ಬೇರೆ ಕೆಲಸ ನೋಡಿಕೊಂಡೆ.

ಸಂಜೆ ಅಂಗಡಿ ಮುಚ್ಚುವಾಗ ಪರದೆಯ ಮೇಲಿನ ಕಿಟಕಿಗಳನ್ನೆಲ್ಲ ಮುಚ್ಚಬೇಕು ಎಂಬುದು ಅಣ್ಣನ ಕಟ್ಟಳೆ. ಪರದೆ ಗುಡಿಸಿದ ಅಂಗಳದ ಹಾಗಿರಬೇಕು. ಮಿಷನ್ ಆರಿಸದೆ ಕಿಟಕಿ ಮಾತ್ರ ಮುಚ್ಚಿ ಮನೆಗೆ ಹೋದೆ. ಹಿಂದೆ ನಡೆಯುವ ಕೆಲಸ ತಾನೇ, ಕಿಟಕಿ ಇದ್ದರೇನು ಹೋದರೇನು ಎಂದುಕೊಂಡಿದ್ದೆ.

ಬೆಳಿಗ್ಗೆ ಬಂದರೆ ಟಿಕ್ ಟಿಕ್ ಇರಲಿಲ್ಲ. ಕೈಯಿಟ್ಟು ನೋಡಿದೆ. ಡಿಸ್ಕು ತಿರುಗುತ್ತಿತ್ತು. ಜಾಬ್ಸ್ ಹೊಡೆದೆ. ಏನೂ ಬರಲಿಲ್ಲ. ಮಿಷನ್ನಿನಲ್ಲಿ ನಡೆಯುವುದನ್ನೆಲ್ಲ ತೋರಿಸುವ ಪಿಎಸ್ ಹೊಡೆದೆ. ಅದರಲ್ಲೂ ನನ್ನ ಕೆಲಸ ಇರಲಿಲ್ಲ. ನಾನು ಕಿಟಕಿ ಮುಚ್ಚಿದ ಕ್ಷಣಕ್ಕೇ ಕೆಲಸ ಸತ್ತಿತ್ತು. ಇಡೀ ರಾತ್ರಿ ಡಿಸ್ಕು ಸುಮ್ಮನೆ ತಿರುಗಿತ್ತು.

"ಕಿಟ್ಕಿ ಮುಚ್ಚು ಅಂದ್ರೆ ಕೆಲ್ಸ ಸಾಯ್ಸು ಅಂದ್ನೇನ್ಲಾ?" ಅಂದರು ಅಣ್ಣ.

"ಎಲ್ಲಾ ಮುಚ್ಚು ಅಂತ ನೀನೇ ಅಂದಿದ್ದು ಕಣಣ್ಣ."

"ಬಾಯಿ ಮುಚ್ಚು ಅಂತಾನೂ ಅಂದಿದ್ದೆ. ಅದ್ನ ಮುಚ್ಚಿದ್ಯಾ?"

ರಟ್ಟಿನ ಹತ್ತಿರ ಹೋದೆ. ಅದರ ಕೆಳಗಿನ ಸಾಲಿಗೆ ಅಡ್ಡವಾಗಿ ಊದುಬತ್ತಿ ಸ್ಟ್ಯಾಂಡು ಹೊಡೆದಿತ್ತು. ಆರು ವರ್ಷ ನಾನು ಓದಿದ್ದು ಹದಿಮೂರೇ ಕಮಾಂಡು. ಸ್ಟ್ಯಾಂಡು ತೆಗೆದರೆ ಹದಿನಾಲ್ಕನೆಯದು ಬೂದಿ ಮೆತ್ತಿಕೊಂಡು ಕೂತಿತ್ತು: ಕಿಟಕಿ ಮುಚ್ಚಿದರೂ ಕೆಲಸ ನಡೆಯಬೇಕಾದರೆ ಮೊದಲಿಗೆ ನೋಹಪ್ ಹಾಕು. ಹಾಕಿದೆ. ಬರೆದಿಟ್ಟುಕೊಂಡ ಫೈಲು ಇದ್ದದ್ದರಿಂದ ಕೆಲಸ ಬಿಟ್ಟ ಜಾಗದಿಂದಲೇ ಮುಂದುವರಿಯಿತು. ಕಿಟಕಿ ಮುಚ್ಚಿ ಐದು ನಿಮಿಷ ನಿಂತು ಕೇಳಿದೆ. ಟಿಕ್ ಟಿಕ್ ಇತ್ತು. ಹೋದದ್ದು ಒಂದು ರಾತ್ರಿ.

ಮೇಷ್ಟ್ರು ದಿನವೂ ಬೆಳಗಿನ ಬಸ್ಸಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು.

"ಎಷ್ಟಾಯ್ತು?"

"ನೂರಕ್ಕೆ ಅರವತ್ತೆಂಟು."

"ನಿನ್ನೆ ಅರವತ್ತೇಳಿತ್ತು."

"ಪೆಟ್ ಬಿದ್ದಿರೋ ಜಾಗ ಮೇಷ್ಟ್ರೇ."

"ನಮ್ಮೆಮ್ಮೆ ಇದ್ಕಿಂತ ಬಿರ್ನೆ ನಡೀತದೆ, ಅದೂ ಗಬ್ಬದ್ದು."

ಅವರು ಸುಮ್ಮನೆ ಕೂರುವವರಲ್ಲ. ಬೆರಳಲ್ಲಿ ಟೇಬಲ್ಲಿನ ಮೇಲೆ ಹಾರ್ಮೋನಿಯಂ ಮಾಡಿಕೊಂಡು ಆ ಹಾಡನ್ನು ಹುಡುಕುತ್ತಿದ್ದರು. ಎರಡು ಸ್ವರದ ಮನೆ ಒತ್ತುವರು, ಮೂರನೆಯದಕ್ಕೆ ಬೆರಳು ನಿಲ್ಲುವುದು. ಮತ್ತೆ ಮೊದಲಿಂದ. ಅಲ್ಲೇ ನಿಲ್ಲುವುದು. ಫೋನು ಬಂದರೆ ಸದಸ್ಯನದ್ದು. "ಇಲ್ಲ ಕಣಪ್ಪ, ಇನ್ನೊಂದೆರಡ್ ದಿವ್ಸ ಬಿಸ್ನೀರ್ ಕುಡಿ" ಎಂದು ಇಡುತ್ತಿದ್ದರು.

ಹಬ್ಬದ ಹಿಂದಿನ ದಿನ ತೊಂಬತ್ತು ಆಯಿತು. ಉಳಿದ ಹತ್ತು ಎಷ್ಟು ಹೊತ್ತು ಹಿಡಿಯುತ್ತದೋ ಗೊತ್ತಿರಲಿಲ್ಲ. ಅಣ್ಣನನ್ನು ಕೇಳಿದೆ. "ಅಣ್ಣ, ನಾಳೆ ಪೂಜೆಗೆ ಮೂಲೆ ಮಿಷನ್ ಒಂದು ಬುಟ್ರೆ ಆಗಲ್ವಾ?"

"ಆಗಲ್ಲ."

ಅಣ್ಣ ಬೇರೆ ಯಾವುದಕ್ಕೂ ಹಠ ಮಾಡುವವರಲ್ಲ. ಇದಕ್ಕೆ ಮಾತ್ರ ಮಾಡುತ್ತಾರೆ. ಅವರ ಅಪ್ಪ ಆಲೆಮನೆ ನಡೆಸುತ್ತಿದ್ದರು. ಒಂದು ಆಯುಧಪೂಜೆಯ ದಿನ, ಗಾಣಕ್ಕೆ ಪೂಜೆ ಮಾಡಿದ ಮೇಲೆ, ಉಳಿದ ಒಂದು ಹೊರೆ ಕಬ್ಬು ಒಣಗುತ್ತದೆ ಎಂದು ಮತ್ತೆ ಗಾಣ ಹಾಕಿದರು. ಎರಡು ಬೆರಳು ಹೋಯಿತು. ಅಣ್ಣ ಆಗ ಅಲ್ಲೇ ನಿಂತಿದ್ದರಂತೆ. ಅಪ್ಪ ಈಗಲೂ ಮೂರು ಬೆರಳಲ್ಲಿ ಮುದ್ದೆ ಮುರಿಯುತ್ತಾರೆ, ಅಣ್ಣ ಎದುರಿಗೆ ಕೂತು ಉಣ್ಣುತ್ತಾರೆ. ಅದಕ್ಕೇ ಪೂಜೆ ಆದಮೇಲೆ ಮಾರನೇ ಬೆಳಿಗ್ಗೆ ಕದಲಿಸುವವರೆಗೆ ಅಂಗಡಿಯಲ್ಲಿ ಒಂದು ಸ್ಕ್ರೂಡ್ರೈವರ್ ಕೂಡ ಕೆಲಸ ಮಾಡುವಂತಿಲ್ಲ.

ನಾನು ವಾದ ಮಾಡಲಿಲ್ಲ. ಸುಳ್ಳು ಹೇಳುವುದು ಸುಲಭ ಅನ್ನಿಸಿತು.

ಹಬ್ಬದ ದಿನ ಶಟರಿಗೆ ಬಾಳೆಕಂದು ಕಟ್ಟಿದೆವು. ಮಿಷನ್ನುಗಳನ್ನು ಒರೆಸಿ ಸಾಲಾಗಿಟ್ಟೆವು. ಮಣೆಯ ಮೇಲೆ ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರು, ಟೆಸ್ಟರು. ತಟ್ಟೆಯಲ್ಲಿ ಪುರಿ, ಕಡಲೆ, ಬಾಳೆಹಣ್ಣು. ಅಣ್ಣನ ಹೆಂಡತಿ, ನಾನು ಅಕ್ಕ ಎನ್ನುತ್ತೇನೆ, ಹೂವು ತಂದರು. ಮೇಷ್ಟ್ರು ಬೆಳಿಗ್ಗೆಯಿಂದ ಸ್ಟೂಲಿನ ಮೇಲೇ ಇದ್ದರು. ಅಣ್ಣ ಮೂರು ಮಿಷನ್ ಆರಿಸಿ ನನ್ನನ್ನು ನೋಡಿದರು.

"ಮೂಲೇದು?"

"ಆಫ್ ಮಾಡಿದೀನಿ" ಅಂದೆ. ಮಾಡಿದ್ದು ಮಾನಿಟರ್ ಮಾತ್ರ. ಟಿಕ್ ಟಿಕ್ ಕೇಳಬಾರದೆಂದು ದೊಡ್ಡ ಹಾರವನ್ನು ಎರಡು ಸುತ್ತು ಸುತ್ತಿದ್ದೆ. ಬೀದಿಯಲ್ಲಿ ಲಾರಿಯವರು ಪಟಾಕಿ ಹೊಡೆಯುತ್ತಿದ್ದರು. ಅದು ಅನುಕೂಲವಾಯಿತು.

ಅಣ್ಣ ವಿಭೂತಿ ಹಿಡಿದು ಒಂದೊಂದೇ ಮಿಷನ್ನಿಗೆ ಮೂರು ಬೆರಳಲ್ಲಿ ಎಳೆಯುತ್ತ ಬಂದರು. ನಾಲ್ಕನೆಯದಕ್ಕೆ ಬೆರಳಿಟ್ಟವರು ತೆಗೆಯಲಿಲ್ಲ. ಅಂಗೈ ಪೂರ್ತಿ ಇಟ್ಟರು.

"ಬೆಚ್ಚಗೈತೆ."

ಕೈ ಅಲ್ಲೇ ಇಟ್ಟು ನನ್ನ ಕಡೆ ತಿರುಗಿದರು.

"ನಡುಗ್ತಾನೂ ಐತೆ. ಏನ್ಲಾ ಇದು?"

"ಓಡ್ತೈತೆ ಅಣ್ಣ" ಅಂದೆ. ಸಿಕ್ಕಿಬಿದ್ದ ಮೇಲೆ ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

"ದೇವ್ರ್ ಮುಂದೆ ಸುಳ್ಳೇಳ್ದಾ? ಗೊತ್ತಿದ್ದೂ ಗೊತ್ತಿದ್ದೂ?" ಅಣ್ಣನ ಕೈ ಸ್ವಿಚ್ಚಿನ ಕಡೆಗೆ ಹೋಯಿತು.

ಮೇಷ್ಟ್ರು ಎದ್ದು ನಿಂತರು. "ತಡಿ ತಡಿ. ಸುಳ್ಳು ಅವಂದಲ್ಲ, ನಂದು. ಅದ್ರಾಗಿರೋದು ಫೋಟೋ ಅಲ್ಲ ಕಣಪ್ಪ. ನನ್ನ ಮಟ್ಟು. ನಾಳೆ ಸಂಜೆಗೆ ಬೇಕು. ನಂಗೆ... ಮರ್ತೋಗೈತೆ." ಕೊನೆಯ ಮಾತನ್ನು ಪುರಿಯ ತಟ್ಟೆ ನೋಡಿಕೊಂಡು ಹೇಳಿದರು.

ಅಣ್ಣನ ಕೈ ಅಲ್ಲೇ ನಿಂತಿತು. ಸ್ವಿಚ್ಚೂ ಒತ್ತಲಿಲ್ಲ, ಕೈಯೂ ತೆಗೆಯಲಿಲ್ಲ. "ನಿಮಗೋಸ್ಕರ ನಾನು ಪೂಜೆ ದಿನ ಮಿಷನ್ ಓಡ್ಸೋಕಾಗಲ್ಲ ಮೇಷ್ಟ್ರೇ. ಬೈಕೊಬ್ಯಾಡಿ. ನಂಗಾಗಲ್ಲ."

ನನಗೆ ಆಗ ಹೊಳೆಯಿತು. ಆರಿಸುವುದು ಬೇರೆ, ತಡೆಯುವುದು ಬೇರೆ. "ಅಣ್ಣ, ಕೆಲ್ಸ ನಿಲ್ಲಿಸ್ತೀನಿ. ಕರೆಂಟ್ ಇರ್ಲಿ. ಡಿಸ್ಕು ಸುಮ್ಕೆ ತಿರುಗ್ತಾ ಇರ್ಲಿ. ಓದಲ್ಲ, ಬರಿಯಲ್ಲ."

"ತಿರುಗೋದು ಕೆಲ್ಸ ಅಲ್ವೇನ್ಲಾ?"

ಇದಕ್ಕೆ ಉತ್ತರ ಕೊಟ್ಟದ್ದು ಅಕ್ಕ. ಕುಂಕುಮದ ಬಟ್ಟಲು ಹಿಡಿದು ನಿಂತು ಅವರಿಗೆ ಸಾಕಾಗಿತ್ತು. "ಅಬ್ಬದಲ್ಲಿ ಎತ್ತಿನ್ ಮೈ ತೊಳ್ದು ಕೊಂಬಿಗೆ ಬಣ್ಣ ಆಕಿ ಕಟ್ತೀವಿ. ಅವತ್ತು ಅದುನ್ನ ಗೇಯಿಸಲ್ಲ, ಸರಿ. ಉಸ್ರಾಡೋದ್ನೂ ನಿಲ್ಲಿಸ್ತೀವಾ? ಕರ್ಪೂರ ಕರಗ್ತಾ ಐತೆ, ಬಿರ್ನೆ ಒಂದ್ ಮಾತೇಳಿ."

ಅಣ್ಣ ಯೋಚಿಸಿದರು. ಆಮೇಲೆ ಕೈ ತೆಗೆದರು. "ನಿಲ್ಸು. ನಾನ್ ನೋಡ್ಬೇಕು."

ಮಾನಿಟರ್ ಹಾಕಿದೆ. ನೋಹಪ್ ಹಾಕಿ ಬೇರೆ ಕಿಟಕಿಯಲ್ಲಿ ಶುರು ಮಾಡಿದ ಕೆಲಸ ಜಾಬ್ಸ್ ಪಟ್ಟಿಯಲ್ಲಿ ಬರುವುದಿಲ್ಲ, ಆದ್ದರಿಂದ ಕಂಟ್ರೋಲ್ ಝಡ್ ಅದನ್ನು ಮುಟ್ಟುವುದಿಲ್ಲ. ಪಿಎಸ್ ಹೊಡೆದು ನಂಬರು ಹುಡುಕಿದೆ. ಕಿಲ್ ಎಂದು ಟೈಪು ಮಾಡಿದೆ.

"ಲೇ ಲೇ, ಕಿಲ್ ಅಂತೀಯಲ್ಲೋ! ಅಬ್ಬದ್ ದಿನ!" ಇಷ್ಟು ಇಂಗ್ಲಿಷು ಅಣ್ಣನಿಗೆ ಬರುತ್ತದೆ.

"ಎಸ್ರು ಅಂಗೆ ಕಣಣ್ಣ. ಅದು ಸಂದೇಸ ಕಳ್ಸೋದಷ್ಟೆ. ನಿಲ್ಲು ಅಂದ್ರೆ ನಿಲ್ತದೆ, ನಡಿ ಅಂದ್ರೆ ನಡೀತದೆ. ಏನೂ ಏಳ್ದೆ ಬರೀ ಕಿಲ್ ಅಂದ್ರೆ ಮಾತ್ರ ಸಾಯ್ತದೆ."

"ನೋಡ್ಕೊಂಡ್ ಒಡಿಯಪ್ಪ" ಅಂದರು ಮೇಷ್ಟ್ರು.

ಕಿಲ್, ಒಂದು ಜಾಗ ಬಿಟ್ಟು ಅಡ್ಡಗೆರೆ, ಸ್ಟಾಪ್, ನಂಬರು. ಅಕ್ಷರಕ್ಕೆ ಅಕ್ಷರ ಎರಡು ಸಲ ಓದಿದೆ. ಸ್ಟಾಪ್ ಬಿಟ್ಟುಹೋದರೆ ಕೆಲಸವೇ ಹೋಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಇಷ್ಟು ನಿಗಾ ಇಟ್ಟು ಓದಿದ್ದರೆ ಪಾಸಾಗುತ್ತಿದ್ದೆ. ಎಂಟರ್ ಒತ್ತಿದೆ.

ಟಿಕ್ ಟಿಕ್ ನಿಂತಿತು. ಅಣ್ಣ ಹಾರ ಸರಿಸಿ ಕಿವಿಯಿಟ್ಟರು. ಸಣ್ಣಗೆ ಗುಂಯ್ ಎನ್ನುವುದು ಮಾತ್ರ ಇತ್ತು. ಪಿಎಸ್ ಹೊಡೆದು, ಆ ಕೆಲಸದ ಎದುರು ಬಂದ ಟಿ ಅಕ್ಷರ ತೋರಿಸಿದೆ. ತಡೆದು ನಿಲ್ಲಿಸಿದ್ದಕ್ಕೆ ಅದೇ ಗುರುತು. ಅಣ್ಣ ಆ ಟಿ ಅಕ್ಷರವನ್ನು ಸುಮಾರು ಹೊತ್ತು ನೋಡಿ, ಅಳಿಸಿಹೋಗಿದ್ದ ವಿಭೂತಿಯನ್ನು ಮತ್ತೆ ಎಳೆದು, ಮಂಗಳಾರತಿ ಎತ್ತಿದರು. ಬೂದುಗುಂಬಳಕಾಯಿ ಒಡೆದಾಯಿತು. ಪುರಿ ತಿನ್ನುತ್ತ ಮೇಷ್ಟ್ರು ಕೇಳಿದರು.

"ಯಾವಾಗ ಕದಲ್ಸ್ತೀಯಪ್ಪ?"

"ಬೆಳಗ್ಗೆ. ಅಂಗ್ಡಿ ತೆಗ್ಯೋದು ಒಂಬತ್ಕೆ" ಅಂದರು ಅಣ್ಣ.

ಮೇಷ್ಟ್ರು ಕೈಯಲ್ಲಿದ್ದ ಪುರಿ ಮುಗಿಸಿ ಬಸ್ಸಿಗೆ ಎದ್ದರು.

ಮಾರನೇ ಬೆಳಿಗ್ಗೆ ನಾನು ಆರೂವರೆಗೆ ಹೋದೆ. ಯಾಕೆ ಹೋದೆ ಎಂದರೆ, ಮನೆಯಲ್ಲಿ ಕೂತು ಏನು ಮಾಡುವುದು. ಶಟರು ಆಗಲೇ ಮೇಲಿತ್ತು. ಅಣ್ಣ ಸ್ನಾನ ಮಾಡಿ ಒದ್ದೆ ತಲೆಯಲ್ಲಿ ಪೂಜೆ ಕದಲಿಸುತ್ತಿದ್ದರು. ನನ್ನನ್ನು ಕಂಡು "ಏನ್ ನಿಂತಿದ್ದೀಯಾ? ನಡಿ ಅನ್ನು ಅದ್ಕೆ" ಅಂದರು. ಸ್ಟಾಪ್ ಇದ್ದ ಜಾಗದಲ್ಲಿ, ಮುಂದುವರಿ ಎನ್ನಲು, ಕಾಂಟ್ ಎಂದು ಹಾಕಿದೆ. ಟಿಕ್ ಎಂದಿತು. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಟಿಕ್, ಟಿಕ್.

ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯಿತು. ಹತ್ತು ಹಾಡು ಸರಿಯಾಗಿದ್ದವು. ಹನ್ನೊಂದನೆಯದೇ ಮೇಷ್ಟ್ರಿಗೆ ಬೇಕಾದದ್ದು. ಅದರ ನಡುವೆ ಏಳು ಸೆಕೆಂಡು ಓದಲಾಗಿರಲಿಲ್ಲ. ಹೇಳೋಣ ಎಂದು ಬಾಯಿ ತೆಗೆದೆ. ಅಷ್ಟರಲ್ಲಿ ಅವರು ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಾಗಿತ್ತು. ಹಾಕಿದೆ.

ಹಾರ್ಮೋನಿಯಂ ಬಂತು, ಹಿಂದೆಯೇ ಅವರ ಹಳೇ ಗಂಟಲು. ಟೇಬಲ್ಲಿನ ಮೇಲೆ ಬೆರಳು ಒತ್ತತೊಡಗಿದವು. ಒಂದು, ಎರಡು. ಮೂರನೆಯದಕ್ಕೆ ನಿಲ್ಲಲಿಲ್ಲ. ಮೇಷ್ಟ್ರು ಬಾಯಿ ಬಿಟ್ಟು ಜೊತೆಗೆ ಹಾಡಿದರು. ನಾನು ಪರದೆಯ ಮೇಲೆ ಸದ್ದಿನ ಗೆರೆ ನೋಡುತ್ತಿದ್ದೆ. ಗೆರೆ ಸಪಾಟಾಯಿತು. ಸ್ಪೀಕರ್ ಸುಮ್ಮನಾಯಿತು. ಮೇಷ್ಟ್ರು ಸುಮ್ಮನಾಗಲಿಲ್ಲ. ಏಳು ಸೆಕೆಂಡೂ ಒಬ್ಬರೇ ಹಾಡಿದರು. ಸ್ಪೀಕರ್ ಮತ್ತೆ ಶುರುವಾದಾಗ ಇಬ್ಬರೂ ಒಂದೇ ಜಾಗದಲ್ಲಿದ್ದರು. ಅಣ್ಣ ನನ್ನ ಮುಖ ನೋಡಿದರು. ನಾನು ಪರದೆಯ ಮೇಲಿನ ಸಪಾಟು ಗೆರೆ ತೋರಿಸಿದೆ.

ಮುಗಿದ ಮೇಲೆ ಮೇಷ್ಟ್ರು ಕಣ್ಣು ಬಿಟ್ಟು, "ತಾಳ ಎಳ್ದಿದೀನಿ ಕಣ್ಲಾ ಅಲ್ಲಿ, ಕೊನೇಲಿ. ಆವಾಗ್ಲೂ ಸರಿ ಇರ್ಲಿಲ್ಲ" ಅಂದರು. ಫೋನು ತೆಗೆದು ಸದಸ್ಯನಿಗೆ ಮಾಡಿದರು. "ಬತ್ತಾ ಇದೀನಿ ಕಣಪ್ಪ. ಗಂಟ್ಲು ಎಂಗೈತೆ? ಇವತ್ತು ಅದವಾಗೈತೆ ಬುಡು." ಹಾಡುಗಳ ಪೆನ್‌ಡ್ರೈವನ್ನು ಟವಲಿನಲ್ಲಿ ಕಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದರು.

ಅವರು ಹೋದ ಮೇಲೆ ಮಿಷನ್ ಆರಿಸಿದೆ. ಹತ್ತು ನಿಮಿಷ ಬಿಟ್ಟು, ನೋಡೋಣ ಎಂದು ಮತ್ತೆ ಹಾಕಿದೆ. ಮಿಷನ್ ಬಂತು. ಆ ಡಿಸ್ಕು ಏಳಲಿಲ್ಲ. ಅಣ್ಣ ಬಂದು ಇನ್ನೆರಡು ಸಲ ಹಾಕಿ ತೆಗೆದು ನೋಡಿದರು. ಏಳಲಿಲ್ಲ. ಊದುಬತ್ತಿ ಸ್ಟ್ಯಾಂಡನ್ನು ಅಣ್ಣನೇ ರಟ್ಟಿನಿಂದ ಎರಡು ಗೇಣು ಆಚೆಗೆ ಹೊಡೆದರು.

ನಾಟಕಕ್ಕೆ ನಾನು ಹೋಗಲಿಲ್ಲ. ಎಂಟ್ರಿ ಹಾಡು ಚೆನ್ನಾಗಿತ್ತಂತೆ. ಸದಸ್ಯ ಚೆನ್ನಾಗಿರಲಿಲ್ಲವಂತೆ. ಮುಂದಿನ ನಾಟಕಕ್ಕೆ ಮಳವಳ್ಳಿ ಕಡೆಯ ಊರಿನವರು ನಮ್ಮ ಮೇಷ್ಟ್ರಿಗೇ ಎಲೆ ಅಡಿಕೆ ಕೊಟ್ಟು ಗೊತ್ತು ಮಾಡಿ ಹೋಗಿದ್ದಾರೆ.